ಸರಾಸರಿ ಹೇಳದ ದಿನಗಳು

ಆಂಧ್ರದ ಆದೋನಿಯ ಹತ್ತಿ ಯಾರ್ಡಿನಲ್ಲಿ ವ್ಯಾಪಾರ ಮುಗಿದ ಮೇಲೆ ದಿನಕ್ಕೆ ಮೂರು ದರ ಹೊರಬೀಳುತ್ತವೆ: ಕನಿಷ್ಠ, ಗರಿಷ್ಠ, ಮತ್ತು ಹೆಚ್ಚು ಮಾಲು ಕೈಬದಲಾದ ಮಧ್ಯದ ದರ. ಷೇರುಪೇಟೆಯೂ ಪ್ರತಿಯೊಂದು ಷೇರಿಗೆ ಇಂಥದೇ ಲೆಕ್ಕ ಇಡುತ್ತದೆ. ಬೆಳಗಿನ ಆರಂಭ, ದಿನದ ಗರಿಷ್ಠ, ಕನಿಷ್ಠ, ಸಂಜೆಯ ಮುಕ್ತಾಯ. ಹತ್ತಿರದ ಪೆದ್ದಹರಿವಾಣದ ಯುವಕನೊಬ್ಬ ಇವತ್ತು ಎರಡು ಪಟ್ಟಿಯನ್ನೂ ಒಂದೇ ಫೋನಿನಲ್ಲಿ ನೋಡಬಹುದು. ಹತ್ತಿಗೂ ಷೇರಿಗೂ ಇರುವ ನಂಟು ಇದಕ್ಕಿಂತ ಹಳೆಯದು. ಐಬಿಎಂನಲ್ಲಿದ್ದ ಗಣಿತಜ್ಞ ಬೆನ್ವಾ ಮ್ಯಾಂಡೆಲ್‌ಬ್ರಾಟ್ 1963ರಲ್ಲಿ ಬೆಲೆಗಳ ಏರಿಳಿತದ ಬಗ್ಗೆ ಒಂದು ಲೇಖನ ಪ್ರಕಟಿಸಿದ. ಅದಕ್ಕೆ ಅವನು ಆರಿಸಿಕೊಂಡದ್ದು ಅಮೆರಿಕದ ಹತ್ತಿ ಮಾರುಕಟ್ಟೆಯ ಹಲವು ದಶಕಗಳ ದರಗಳನ್ನು. ಆ ಲೇಖನ ತೋರಿಸಿಕೊಟ್ಟ ಸಂಗತಿಯನ್ನು ಷೇರು ಕೊಳ್ಳುವವರಲ್ಲಿ ಹೆಚ್ಚಿನವರು ಇನ್ನೂ ಮನಸ್ಸಿಗೆ ತೆಗೆದುಕೊಂಡಂತಿಲ್ಲ. ಬೆಲೆ ದಿನದಿನವೂ ಸ್ವಲ್ಪ ಸ್ವಲ್ಪವೇ ಅಲುಗಾಡುತ್ತ ಹೋಗುವುದಿಲ್ಲ. ಬಹುಕಾಲ ಸುಮ್ಮನಿದ್ದು, ಒಂದು ದಿನ ಜಿಗಿಯುತ್ತದೆ.

ಷೇರಿನ ಅಪಾಯವನ್ನು ಅಳೆಯಲು ಸಾಮಾನ್ಯವಾಗಿ ಒಂದೇ ಒಂದು ಅಂಕಿಯನ್ನು ಕೊಡುತ್ತಾರೆ. ದಿನದ ಬದಲಾವಣೆಗಳು ತಮ್ಮ ಸರಾಸರಿಯಿಂದ ಎಷ್ಟು ದೂರ ಚದುರಿವೆ ಎಂಬ ಅಳತೆ ಅದು. ಒಂದು ದೊಡ್ಡ ಕಂಪನಿಯ ಷೇರಿಗೆ ಈ ಅಳತೆ ದಿನಕ್ಕೆ ಶೇ 1.5 ಎಂದಿಟ್ಟುಕೊಳ್ಳೋಣ. ವರ್ಷದಲ್ಲಿ ಸುಮಾರು 250 ದಿನ ಪೇಟೆ ತೆರೆದಿರುವುದರಿಂದ, 250ರ ವರ್ಗಮೂಲದಿಂದ ಗುಣಿಸಿದರೆ ವರ್ಷದ ಏರಿಳಿತ ಶೇ 24ರ ಆಸುಪಾಸು ಬರುತ್ತದೆ. ಶಾಲೆಯಲ್ಲಿ ಕಲಿತ ಗಂಟೆಯಾಕಾರದ ರೇಖೆಯನ್ನು ನಂಬಿದರೆ, ಇಂಥ ಷೇರು ಒಂದೇ ದಿನದಲ್ಲಿ ಶೇ 4.5ಕ್ಕಿಂತ ಹೆಚ್ಚು ಏರುವುದೋ ಇಳಿಯುವುದೋ ಒಂದೂವರೆ ವರ್ಷಕ್ಕೊಮ್ಮೆ ಆಗಬೇಕು. ಶೇ 7.5 ದಾಟುವುದು ಏಳು ಸಾವಿರ ವರ್ಷಕ್ಕೊಮ್ಮೆ! ವಿಜಯನಗರ ಕಟ್ಟಿ ಇನ್ನೂ ಏಳುನೂರು ವರ್ಷವಾಗಿಲ್ಲ.

ಈಗ ಕನ್ನಡನಾಡಿನ ಅತ್ಯಂತ ಪರಿಚಿತ ಷೇರನ್ನೇ ನೋಡಿ. ಇನ್ಫೋಸಿಸ್ 1993ರಲ್ಲಿ ₹95ರಂತೆ ಸಾರ್ವಜನಿಕರಿಗೆ ಷೇರು ಕೊಟ್ಟಿತು. 2003ರ ಏಪ್ರಿಲ್ 10ರಂದು, ಮುಂದಿನ ವರ್ಷದ ಬೆಳವಣಿಗೆ ಪೇಟೆ ಎಣಿಸಿದಷ್ಟು ಇರದು ಎಂದು ಕಂಪನಿಯೇ ಹೇಳಿದ್ದಕ್ಕೆ, ಷೇರು ಒಂದೇ ದಿನದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಕುಸಿಯಿತು. ಹತ್ತು ವರ್ಷದ ನಂತರ, 2013ರ ಏಪ್ರಿಲ್ 12ರಂದು, ಅಂಥದೇ ಕಾರಣಕ್ಕೆ ಸುಮಾರು ಶೇ 21 ಇಳಿಯಿತು. 2019ರ ಅಕ್ಟೋಬರ್ 22ರಂದು, ಆಡಳಿತದ ಮೇಲೆ ಆರೋಪ ಹೊರಿಸಿದ ಅನಾಮಧೇಯ ಪತ್ರವೊಂದು ಹೊರಬಂದಾಗ, ಷೇರು ಸುಮಾರು ಶೇ 16 ಬಿತ್ತು. ಆ ಆರೋಪಕ್ಕೆ ಆಧಾರವಿಲ್ಲವೆಂದು ಕಂಪನಿಯ ಲೆಕ್ಕಪರಿಶೋಧನಾ ಸಮಿತಿ ಕೆಲವು ತಿಂಗಳಲ್ಲಿ ಹೇಳಿತು. ಅಷ್ಟರಲ್ಲಿ ಹೆದರಿ ಮಾರಿದವರು ಮಾರಿಯಾಗಿತ್ತು. ರೇಖೆಯ ಲೆಕ್ಕದಲ್ಲಿ ಇವೆಲ್ಲ ಭೂಮಿಯ ಆಯುಷ್ಯದಲ್ಲೇ ಆಗಬಾರದ ಘಟನೆಗಳು. ನಿಜದಲ್ಲಿ ಹದಿನೇಳು ವರ್ಷದೊಳಗೆ ಮೂರು ಸಲ ಆದವು, ಅದೂ ಒಳ್ಳೆಯ ಹೆಸರಿನ ಕಂಪನಿಯೊಂದಕ್ಕೆ. ಸರಾಸರಿ ಅಳತೆ ಸುಳ್ಳಲ್ಲ. ಅದು ಮಾಮೂಲಿ ದಿನಗಳ ಬಗ್ಗೆ ಮಾತ್ರ ಮಾತಾಡುತ್ತದೆ, ಹಣ ಹೋಗುವುದು ಮಾಮೂಲಿಯಲ್ಲದ ದಿನ.

ತ್ರೈಮಾಸಿಕ ಫಲಿತಾಂಶದ ದಿನಾಂಕ ಮೊದಲೇ ಗೊತ್ತಿರುತ್ತದಲ್ಲ, ಹಿಂದಿನ ದಿನ ಮಾರಿದರಾಯಿತು ಎಂದು ಯಾರಾದರೂ ಕೇಳಬಹುದು. ಮಾತು ಅರ್ಧ ಸರಿ. ದಿನಾಂಕ ಗೊತ್ತು, ದಿಕ್ಕು ಗೊತ್ತಿಲ್ಲ. 2013ರ ಏಪ್ರಿಲ್ ಕುಸಿತಕ್ಕೆ ಮೂರೇ ತಿಂಗಳು ಮೊದಲು, ಜನವರಿ 11ರಂದು, ಇದೇ ಷೇರು ಫಲಿತಾಂಶ ಕೇಳಿ ಸುಮಾರು ಶೇ 17 ಏರಿತ್ತು. ಜನವರಿಯಲ್ಲಿ ಅಂಜಿ ಹೊರಬಂದವನು ಆ ಏರಿಕೆ ಕಳೆದುಕೊಂಡ. ಅದನ್ನು ಕಂಡು ಆಸೆಪಟ್ಟು ಏಪ್ರಿಲ್‌ಗೆ ಕಾದವನು ಕುಸಿತ ಉಂಡ.

ಸ್ಟಾಪ್ ಲಾಸ್ ಹಾಕಿದ್ದರೆ ನಷ್ಟ ಹಿಡಿತದಲ್ಲಿರುತ್ತದೆ ಎನ್ನುವುದು ಎರಡನೆಯ ಆಕ್ಷೇಪ, ಇದನ್ನು ಹೆಚ್ಚು ಜನ ನಂಬುತ್ತಾರೆ. ಬೆಲೆ ಇಂತಿಷ್ಟಕ್ಕೆ ಇಳಿದರೆ ತಾನಾಗಿ ಮಾರು ಎಂಬ ಆದೇಶ ಅದು. ಮೆಟ್ಟಿಲಿಳಿದಂತೆ ಬೆಲೆ ಇಳಿದರೆ ಅದು ಕೆಲಸಕ್ಕೆ ಬರುತ್ತದೆ. ಆದರೆ 2023ರ ಏಪ್ರಿಲ್ 13ರ ಗುರುವಾರ ಇನ್ಫೋಸಿಸ್ ಫಲಿತಾಂಶ ಪ್ರಕಟಿಸಿದ್ದು ಪೇಟೆ ಮುಚ್ಚಿದ ಮೇಲೆ. ಶುಕ್ರವಾರ ಅಂಬೇಡ್ಕರ್ ಜಯಂತಿಯ ರಜೆ, ಆಮೇಲೆ ಶನಿವಾರ, ಭಾನುವಾರ. ಸೋಮವಾರ ಬಾಗಿಲು ತೆರೆದಾಗಲೇ ಬೆಲೆ ಬಹಳ ಕೆಳಗಿತ್ತು, ದಿನದ ಕೊನೆಗೆ ಶೇ 9ಕ್ಕೂ ಮೀರಿ ಇಳಿದಿತ್ತು. ಶೇ 5ಕ್ಕೆ ಆದೇಶ ಇಟ್ಟವನಿಗೆ ಶೇ 5ರಲ್ಲಿ ಕೊಳ್ಳುವವನೇ ಇರಲಿಲ್ಲ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿ: ಇಷ್ಟೆಲ್ಲ ಬಿದ್ದರೂ ಹಿಡಿದು ಕೂತವನು ಸಿರಿವಂತನಾದನಲ್ಲ? ನಿಜ. 1993ರಲ್ಲಿ ₹9,500 ಕೊಟ್ಟು 100 ಷೇರು ಕೊಂಡು ಮುಟ್ಟದೆ ಇಟ್ಟವನ ಬಳಿ, ಬೋನಸ್ಸುಗಳು ಮತ್ತು ಮುಖಬೆಲೆಯ ವಿಭಜನೆಯ ನಂತರ, 2018ರ ಹೊತ್ತಿಗೆ 1,02,400 ಷೇರುಗಳಿದ್ದವು. (ಹಳೆಯ ದರಪಟ್ಟಿ ನೋಡುವವರಿಗೆ ಒಂದು ಎಚ್ಚರಿಕೆ: ಒಂದಕ್ಕೊಂದು ಬೋನಸ್ ಕೊಟ್ಟ ದಿನ ಬೆಲೆ ಅರ್ಧವಾಗುತ್ತದೆ, ಅದು ನಷ್ಟವಲ್ಲ, ಹೊಂದಾಣಿಕೆ ಮಾಡಿದ ದರಗಳನ್ನೇ ನೋಡಬೇಕು.) ಆದರೆ ಈ ಕಥೆಯನ್ನು ಆರಿಸಿಕೊಂಡದ್ದು ಫಲ ಗೊತ್ತಾದ ಮೇಲೆ. ಆದೋನಿಗೆ ಬೆಂಗಳೂರಿನಷ್ಟೇ ನಂಟಿರುವ ಹೈದರಾಬಾದಿನಲ್ಲಿ ಅದೇ ಕಾಲದ, ಅದೇ ಉದ್ಯಮದ ಸತ್ಯಂ ಕಂಪ್ಯೂಟರ್ಸ್ ಇತ್ತು. ನಿಫ್ಟಿ ಸೂಚ್ಯಂಕದ 50 ಕಂಪನಿಗಳಲ್ಲಿ ಒಂದು, ಉತ್ತಮ ಆಡಳಿತಕ್ಕೆ ಪ್ರಶಸ್ತಿ ಪಡೆದದ್ದು. 2009ರ ಜನವರಿ 7ರಂದು ಅಧ್ಯಕ್ಷ ರಾಮಲಿಂಗ ರಾಜು ಲೆಕ್ಕಪತ್ರಗಳೇ ಸುಳ್ಳೆಂದು ಪತ್ರ ಬರೆದರು. ₹179ರ ಹತ್ತಿರವಿದ್ದ ಷೇರು ಸಂಜೆಗೆ ₹40ಕ್ಕೆ ನಿಂತಿತು. ಹಿಂದಿನ ವರ್ಷಗಳ ಏರಿಳಿತದ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಯಾವುದು ಇನ್ಫೋಸಿಸ್, ಯಾವುದು ಸತ್ಯಂ ಆಗಲಿದೆ ಎಂದು ಆರಿಸುವ ದಾರಿ ಇರಲಿಲ್ಲ.

ಹತ್ತಿಗಾದರೂ ಕೆಳಗೊಂದು ತಡೆಯಿದೆ. 2021-22ರಲ್ಲಿ ಉದ್ದ ಎಳೆಯ ಹತ್ತಿಯ ಬೆಂಬಲ ಬೆಲೆ ಕ್ವಿಂಟಾಲಿಗೆ ₹6,025 ಇದ್ದಾಗ ಆದೋನಿಯಲ್ಲಿ ದರ ₹10,000 ದಾಟಿತ್ತು. ಮುಂದೆ ಅದು ಇಳಿದಾಗ ಭಾರತೀಯ ಹತ್ತಿ ನಿಗಮ ಕೊಳ್ಳುತ್ತದೆಂಬ ನಿರೀಕ್ಷೆಯಾದರೂ ರೈತನಿಗಿತ್ತು. ನಿಗಮದ ಖರೀದಿಯಲ್ಲಿ ತೇವಾಂಶದ ತಕರಾರು, ಕಾಯುವ ಗೋಳು ಇದ್ದೇ ಇವೆ. ಷೇರಿಗೆ ಅಷ್ಟೂ ಇಲ್ಲ. ಕೊರೊನಾ ದಿಗ್ಬಂಧನದ ಹೊಸ್ತಿಲಲ್ಲಿ, 2020ರ ಮಾರ್ಚ್ 23ರಂದು, ಇಡೀ ನಿಫ್ಟಿ ಬಿದ್ದದ್ದು ಶೇ 13. ಐವತ್ತು ಕಂಪನಿಗಳ ಅತಿ ಕೆಟ್ಟ ದಿನ ಒಂದು ಒಳ್ಳೆಯ ಕಂಪನಿಯ ಅತಿ ಕೆಟ್ಟ ದಿನದ ಸುಮಾರು ಅರ್ಧದಷ್ಟು ಮಾತ್ರ. ಹಣವನ್ನು ಹಂಚಿಡಿ ಎಂಬ ಸಲಹೆಗೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.

ಒಂದೇ ಷೇರನ್ನು ಕೊಳ್ಳಲೇಬೇಕು ಎನ್ನುವವರು ಅದರ ಹತ್ತು ವರ್ಷದ ದರಗಳನ್ನು ತೆಗೆದು ಐದು ಅತಿ ಕೆಟ್ಟ ದಿನಗಳನ್ನು ಗುರುತಿಸಲಿ; ರಾಷ್ಟ್ರೀಯ ಷೇರುಪೇಟೆಯ (ಎನ್‌ಎಸ್‌ಇ) ಜಾಲತಾಣದಲ್ಲಿ ದರಪಟ್ಟಿ ಪುಕ್ಕಟೆ ಸಿಗುತ್ತದೆ. ಆ ಇಳಿಕೆ ನಾಳೆ ಬಂದರೆ ತಮ್ಮ ಹಣದಲ್ಲಿ ಉಳಿಯುವುದೆಷ್ಟು ಎಂದು ಚೀಟಿಯ ಮೇಲೆ ಬರೆಯಲಿ. ಬರುವ ಮುಂಗಾರಿನ ಬೀಜ ಗೊಬ್ಬರಕ್ಕೆಂದು ಇಟ್ಟ ದುಡ್ಡು ಅದರಲ್ಲಿ ಸೇರಿದ್ದರೆ, ಅದನ್ನು ಮೊದಲು ಹೊರಗೆ ತೆಗೆಯಲಿ.