ಕೀಲುಕುದುರೆಯ ಎರಡು ಕೀಲುಗಳು

ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನಲ್ಲಿ ಕೊತ್ತಗೆರೆ ಎಂಬ ಊರಿದೆ. ರಾಗಿ, ತೆಂಗುಗಳು ಬೆಳೆಯುವ ಆ ಸೀಮೆಗೆ ಕುದುರೆಯು ಅಪರಿಚಿತ ಪ್ರಾಣಿಯಲ್ಲ. ಸಮೀಪದ ಕುಣಿಗಲ್ಲಿನಲ್ಲಿ, ಟಿಪ್ಪು ಸುಲ್ತಾನನ ಕಾಲದಲ್ಲಿ, ಸೈನ್ಯಕ್ಕೆ ಒಳ್ಳೆಯ ಕುದುರೆಗಳನ್ನು ಒದಗಿಸುವ ಸಲುವಾಗಿ ಅಶ್ವಪಾಲನ ಕ್ಷೇತ್ರವೊಂದು ಮೊದಲಾಯಿತು. ಮುಂದೆ ಅದು ಪಂದ್ಯದ ಕುದುರೆಗಳ ತಳಿಗಾಗಿ ದೇಶದಲ್ಲೆಲ್ಲ ಹೆಸರಾಯಿತು. ಹೀಗೆ ಉತ್ತಮ ಜಾತಿಯ ನಿಜವಾದ ಕುದುರೆಗಳು ಬೆಳೆದ ನೆಲದಲ್ಲಿಯೂ, ಅಜ್ಜಿಯ ಸುತ್ತ ಕುಳಿತ ಮಕ್ಕಳು ಕೇಳಬಯಸುವುದು ಮಾತ್ರ ಬೇರೆಯದೇ ಆದ ಒಂದು ಕುದುರೆಯ ಕಥೆಯನ್ನು. ಅದು ಹುಲ್ಲು ಮೇಯುವುದಿಲ್ಲ. ಅದಕ್ಕೆ ಲಾಳ ಬೇಕಿಲ್ಲ. ಅದು ಏಳು ಸಮುದ್ರಗಳನ್ನು ಹಾರಿ ದಾಟಬಲ್ಲದು. ಅದೇ ಕೀಲುಕುದುರೆ.

ಕಣ್ಣೆದುರಿಗೆ ಓಡುವ ಕುದುರೆಯಿರುವಾಗ ಇಲ್ಲದ ಕುದುರೆಯ ಹಂಬಲವೇಕೆ? ಈ ಹಂಬಲ ಒಂದು ಊರಿನ ಮಕ್ಕಳಿಗೆ ಸೀಮಿತವಾದುದಲ್ಲ. ನಮ್ಮ ಪುರಾಣಗಳು ಸಮುದ್ರಮಥನದಲ್ಲಿ ಉಚ್ಚೈಃಶ್ರವಸ್ಸೆಂಬ ಬಿಳಿಯ ಕುದುರೆ ಹುಟ್ಟಿತೆಂದು ಹೇಳುತ್ತವೆ. ಗ್ರೀಕರ ಪುರಾಣದಲ್ಲಿ ಪೆಗಾಸಸ್ ಎಂಬ ರೆಕ್ಕೆಯ ಕುದುರೆಯಿದೆ. ಪಂಚತಂತ್ರದ ಒಂದು ಕಥೆಯಲ್ಲಿ ನೇಕಾರನೊಬ್ಬನು, ಬಡಗಿಯಾದ ತನ್ನ ಗೆಳೆಯನು ಮಾಡಿಕೊಟ್ಟ ಮರದ ಗರುಡನನ್ನೇರಿ ಆಕಾಶದಲ್ಲಿ ಸಂಚರಿಸುತ್ತಾನೆ. ದೇಶಗಳು ಬೇರೆ, ಭಾಷೆಗಳು ಬೇರೆ. ಹಂಬಲ ಮಾತ್ರ ಒಂದೇ. ಮನುಷ್ಯನಿಗೆ ರೆಕ್ಕೆಗಳಿಲ್ಲ. ಆದರೆ ಹಕ್ಕಿಯನ್ನು ನೋಡಿದಾಗಲೆಲ್ಲ ಆ ಕೊರತೆ ಅವನಿಗೆ ನೆನಪಾಗುತ್ತದೆ. ಕಲ್ಪನೆಯು ಆ ಕೊರತೆಯನ್ನು ತುಂಬಿಕೊಡುತ್ತದೆ.

ಕಲ್ಪನೆಯ ಪ್ರಾಣಿಗಳನ್ನು ಸ್ವಲ್ಪ ಗಮನವಿಟ್ಟು ನೋಡಿದರೆ ಒಂದು ಸಂಗತಿ ಗೋಚರಿಸುತ್ತದೆ. ಅವುಗಳಲ್ಲಿ ಯಾವುದೂ ಶೂನ್ಯದಿಂದ ಹುಟ್ಟಿದುದಲ್ಲ. ಕುಣಿಗಲ್ ಮಾರ್ಗವಾಗಿ ಹಾಸನದ ಕಡೆಗೆ ಸಾಗುವ ಹೆದ್ದಾರಿಯನ್ನು ಹಿಡಿದು ಹೊರಟವರು ಬೇಲೂರು, ಹಳೇಬೀಡುಗಳನ್ನು ಮುಟ್ಟಬಹುದು. ಹಳೇಬೀಡಿನ ದೇವಾಲಯದ ಹೊರಗೋಡೆಯ ಪಟ್ಟಿಕೆಗಳಲ್ಲಿ ಆನೆ, ಸಿಂಹ, ಕುದುರೆ, ಹಂಸಗಳ ಸಾಲುಗಳ ನಡುವೆ ಮಕರಗಳ ಸಾಲೊಂದಿದೆ. ಈ ಮಕರವನ್ನು ಯಾವ ಹೊಳೆಯಲ್ಲಿಯೂ ಯಾರೂ ಕಂಡಿಲ್ಲ. ಆದರೆ ಅದರ ದವಡೆ ಮೊಸಳೆಯದು, ಸೊಂಡಿಲು ಆನೆಯದು, ಕಾಲು ಸಿಂಹದ್ದು, ಬಾಲ ನವಿಲಿನದು. ಬಿಡಿಬಿಡಿಯಾಗಿ ಎಲ್ಲವೂ ನಿಜ. ಕೂಡಿದಾಗ ಮಾತ್ರ ಅದ್ಭುತ. ಮೊಸಳೆಯ ದವಡೆಯನ್ನು, ನವಿಲಿನ ಗರಿಯನ್ನು ಚೆನ್ನಾಗಿ ನೋಡಿ ತಿಳಿಯದ ಶಿಲ್ಪಿಯು ಮಕರವನ್ನು ಕಡೆಯಲಾರನು. ಇಲ್ಲದುದನ್ನು ಕಲ್ಪಿಸಲು ಇರುವುದನ್ನು ಬಲ್ಲವನಾಗಿರಬೇಕು. ಕಲ್ಪನೆಯ ಮೊದಲ ನಿಯಮ ಇದೇ ಆಗಿದೆ.

ಕನ್ನಡ ನಾಡಿನ ಕಲ್ಪಿತ ಜೀವಿಗಳಲ್ಲೆಲ್ಲ ಹೆಚ್ಚು ಪ್ರಸಿದ್ಧವಾದುದು ಗಂಡಭೇರುಂಡ. ಒಂದೇ ಒಡಲು, ಎರಡು ತಲೆಗಳುಳ್ಳ ಮಹಾಪಕ್ಷಿ ಅದು. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿಯಲ್ಲಿ ಚಾಲುಕ್ಯರ ಸಾಮಂತನಾದ ಚಾಮುಂಡರಾಯರಸನು ಕ್ರಿ.ಶ. 1047ರಲ್ಲಿ ಎತ್ತರವಾದ ಕಂಬವೊಂದನ್ನು ನಿಲ್ಲಿಸಿ, ಅದರ ಮೇಲೆ ಮನುಷ್ಯನ ಒಡಲಿನ, ಎರಡು ಹಕ್ಕಿತಲೆಗಳ ಭೇರುಂಡನನ್ನು ಸ್ಥಾಪಿಸಿದನು. ವಿಜಯನಗರದ ಅಚ್ಯುತರಾಯನ ನಾಣ್ಯಗಳಲ್ಲಿ ಗಂಡಭೇರುಂಡವು ಕೊಕ್ಕುಗಳಲ್ಲಿಯೂ ಕಾಲುಗಳಲ್ಲಿಯೂ ಆನೆಗಳನ್ನು ಹಿಡಿದುಕೊಂಡಿದೆ. ಮೈಸೂರಿನ ಒಡೆಯರು ಅದನ್ನು ತಮ್ಮ ಲಾಂಛನವಾಗಿಸಿಕೊಂಡರು. ಇಂದಿನ ಕರ್ನಾಟಕ ಸರ್ಕಾರದ ಲಾಂಛನದ ನಡುವೆಯೂ ಅದೇ ಪಕ್ಷಿಯಿದೆ. ಅದರ ಎರಡು ಪಕ್ಕಗಳಲ್ಲಿ ಆನೆಯ ಮುಖ, ಸಿಂಹದ ಒಡಲುಗಳುಳ್ಳ ಶರಭಗಳು ನಿಂತಿವೆ. ಸರ್ಕಾರದ ಕಾಗದಪತ್ರಗಳ ಮೇಲೆ ನಾವು ನಿತ್ಯ ಕಾಣುವ ಈ ಮೂರು ಪ್ರಾಣಿಗಳಲ್ಲಿ ಒಂದಾದರೂ ಭೂಮಿಯ ಮೇಲೆ ಹುಟ್ಟಿದುದಲ್ಲ. ಎಂದೂ ಹುಟ್ಟದ ಹಕ್ಕಿಯೊಂದು ಸಾವಿರ ವರ್ಷಗಳ ಕಾಲ ಒಂದು ನಾಡಿನ ಕಣ್ಣೆದುರಿನಲ್ಲಿ ಬಾಳಿರುವುದು ಸೋಜಿಗವಲ್ಲವೇ?

ಇಷ್ಟು ಕಾಲ ಅದು ಬಾಳಲು ಕಾರಣವೇನು? ಅದಕ್ಕೆ ಉತ್ತರವನ್ನು ಬೇಲೂರಿನ ಚೆನ್ನಕೇಶವ ದೇವಾಲಯದ ಶಿಲ್ಪವೊಂದು ಸೂಚಿಸುತ್ತದೆ. ಅಲ್ಲಿ ಜಿಂಕೆಯೊಂದನ್ನು ಹೆಬ್ಬಾವು ಹಿಡಿದಿದೆ. ಹೆಬ್ಬಾವನ್ನು ಆನೆ ಎತ್ತಿದೆ. ಆನೆಯ ಮೇಲೆ ಸಿಂಹ ಎರಗಿದೆ. ಸಿಂಹವನ್ನು ಶರಭ, ಶರಭವನ್ನು ಗಂಡಭೇರುಂಡ ಹಿಡಿದಿವೆ. ಈ ಸರಪಣಿಯನ್ನು ಋಷಿಯೊಬ್ಬನು ಬೆರಗಿನಿಂದ ನೋಡುತ್ತಿದ್ದಾನೆ. ಜಿಂಕೆಯಿಂದ ಸಿಂಹದವರೆಗಿನ ಮೆಟ್ಟಿಲುಗಳು ಕಾಡಿನಲ್ಲಿ ಕಂಡವು. ಸಿಂಹದ ಮೇಲೆ ಯಾರು ಎಂಬ ಪ್ರಶ್ನೆಗೆ ಕಾಡು ಉತ್ತರ ಕೊಡಲಿಲ್ಲ. ಶಿಲ್ಪಿಯ ಕಲ್ಪನೆ ಕೊಟ್ಟಿತು. ಅರಸನಾದವನು ಆ ಹಕ್ಕಿಯಲ್ಲಿ ತನ್ನ ಪರಾಕ್ರಮವನ್ನು ಕಂಡಿರಬಹುದು. ಆದರೆ ಜಿಂಕೆಯಂತೆ ಬಾಳುವ ಸಾಮಾನ್ಯನಿಗೆ ಅದೇ ಶಿಲ್ಪ ಬೇರೊಂದು ಮಾತನ್ನು ಹೇಳುತ್ತದೆ: ಬಲಿಷ್ಠನೆಂದು ಮೆರೆಯುವವನ ಮೇಲೆಯೂ ಬಲಿಷ್ಠನೊಬ್ಬನಿದ್ದಾನೆ. ಒಂದು ವಾಕ್ಯದಲ್ಲಿ ಹೇಳಿ ಮರೆತುಬಿಡಬಹುದಾದ ಈ ತತ್ತ್ವವು ಪ್ರಾಣಿಯ ರೂಪವನ್ನು ತಾಳಿದಾಗ ಮರೆಯಲಾಗದಂತಾಗುತ್ತದೆ.

ಜನಪದ ಕಥೆಗಳ ಲೋಕದಲ್ಲಿಯೂ ಇಂತಹುದೇ ಅರ್ಥವಡಗಿದೆ. ರಾಕ್ಷಸನನ್ನು ಕತ್ತಿಯಿಂದ ಕೊಲ್ಲಲಾಗುವುದಿಲ್ಲ; ಅವನ ಪ್ರಾಣ ಏಳು ಸಮುದ್ರಗಳಾಚೆಯ ಗಿಳಿಯೊಂದರಲ್ಲಿದೆ. ಅದನ್ನು ಹುಡುಕಿ ಹೊರಡುವವನು ಹಲವೊಮ್ಮೆ ಎಲ್ಲರೂ ದಡ್ಡನೆಂದು ಕಡೆಗಣಿಸಿದ ಕಿರಿಯ ಮಗ. ಅವನು ದಾರಿಯಲ್ಲಿ ಇರುವೆಗೋ ಹಕ್ಕಿಮರಿಗೋ ಉಪಕಾರ ಮಾಡುತ್ತಾನೆ. ಆ ಉಪಕಾರವೇ ಅವನನ್ನು ಕಾಯುತ್ತದೆ. ಎಷ್ಟೇ ಭಯಂಕರವಾದ ಕೇಡಿಗೂ ಎಲ್ಲಿಯೋ ಒಂದು ದುರ್ಬಲ ಸ್ಥಾನವಿದೆ, ತಾಳ್ಮೆಯಿಂದ ಹುಡುಕಿದರೆ ಅದು ಸಿಕ್ಕೀತು ಎಂಬ ಧೈರ್ಯವನ್ನು ಈ ಕಥೆಗಳು ಎಳೆಯ ಮನಸ್ಸಿನಲ್ಲಿ ಬಿತ್ತುತ್ತವೆ. ಹೆಸರಿಲ್ಲದ ಭಯಕ್ಕೆ ಅವು ಕೋರೆಹಲ್ಲುಗಳನ್ನೂ ಕೆಂಗಣ್ಣುಗಳನ್ನೂ ಕೊಡುತ್ತವೆ. ರೂಪ ಪಡೆದ ಭಯವನ್ನು ಎದುರಿಸುವುದು ಸಾಧ್ಯ.

ಇಲ್ಲಿ ಇನ್ನೊಂದು ಅಂಶವನ್ನು ಗಮನಿಸಬೇಕು. ಕಲ್ಪನಾಲೋಕವೆಂದರೆ ಮನಸ್ಸಿಗೆ ಬಂದುದನ್ನು ಹೇಳುವ ಲೋಕವಲ್ಲ. ರಾಕ್ಷಸನ ಪ್ರಾಣ ಗಿಳಿಯಲ್ಲಿದೆ ಎಂದು ಒಮ್ಮೆ ಹೇಳಿದ ಮೇಲೆ ಅವನು ಕತ್ತಿಯ ಪೆಟ್ಟಿಗೆ ಸಾಯಕೂಡದು. ಸತ್ತರೆ ಕೇಳುವ ಮಗು ಕೂಡಲೆ ಪ್ರತಿಭಟಿಸುತ್ತದೆ. ಕಲ್ಪನಾಲೋಕದ ಕಥೆಗಳಿಗೆ ಜಗತ್ಪ್ರಸಿದ್ಧನಾದ ಇಂಗ್ಲಿಷ್ ಲೇಖಕ ಟೋಲ್ಕಿನ್ 1939ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾನಿಲಯದಲ್ಲಿ ಈ ವಿಷಯವಾಗಿ ಉಪನ್ಯಾಸ ಮಾಡಿದನು. ಅದು ಮುಂದೆ ಪ್ರಬಂಧವಾಗಿ ಪ್ರಕಟವಾಯಿತು. ಹಸಿರು ಸೂರ್ಯ ಎಂದು ಯಾರು ಬೇಕಾದರೂ ಹೇಳಬಹುದು, ಆದರೆ ಹಸಿರು ಸೂರ್ಯನು ಸಹಜವಾಗಿ ಬೆಳಗುವ ಲೋಕವೊಂದನ್ನು ನಂಬುವಂತೆ ಕಟ್ಟುವುದು ಶ್ರಮದ ಕೆಲಸ ಎಂಬುದು ಅವನ ಅಭಿಪ್ರಾಯದ ಸಾರ. ಹೀಗೆ ಕಲ್ಪನೆಯೂ ಒಂದು ಶಿಸ್ತು. ಹಗಲಿನ ಬಾಳಿನಲ್ಲಿ ಅನ್ಯಾಯವು ಎಷ್ಟೋ ಸಲ ಗೆದ್ದುಬಿಡುತ್ತದೆ. ಕಥೆಯ ಲೋಕದಲ್ಲಿ ಮಾತಿಗೆ ಬೆಲೆಯಿದೆ, ಉಪಕಾರಕ್ಕೆ ಫಲವಿದೆ. ಆ ಲೋಕದ ಸೆಳೆತ ಇರುವುದು ಇದರಲ್ಲಿಯೇ.

ಆದರೆ ಈ ಪ್ರಯಾಣದಲ್ಲಿ ಒಂದು ಅಪಾಯವೂ ಇದೆ. ಅದನ್ನು ಅರೇಬಿಯಾದ ಸಾವಿರದೊಂದು ರಾತ್ರಿಗಳ ಕಥೆಗಳಲ್ಲಿ ಬರುವ ಕರಿಮರದ ಕುದುರೆಯ ಕಥೆ ಸೊಗಸಾಗಿ ತೋರಿಸುತ್ತದೆ. ಪಾರಸಿಕ ದೇಶದ ಅರಸನ ಬಳಿಗೆ ಜಾಣನೊಬ್ಬನು ಮರದ ಕುದುರೆಯೊಂದನ್ನು ತರುತ್ತಾನೆ. ರಾಜಕುಮಾರನು ಅದನ್ನೇರುತ್ತಾನೆ. ಮೇಲಕ್ಕೇರುವ ಕೀಲನ್ನು ಮಾತ್ರ ಅವನಿಗೆ ತೋರಿಸಲಾಗಿದೆ. ಅದನ್ನು ತಿರುಗಿಸಿದೊಡನೆ ಕುದುರೆ ಬಾಣದಂತೆ ಆಕಾಶಕ್ಕೆ ನೆಗೆಯುತ್ತದೆ. ಇಳಿಯುವ ಬಗೆ ಅವನಿಗೆ ತಿಳಿಯದು! ಗಾಬರಿಗೊಳ್ಳದೆ, ಕುದುರೆಯ ಮೈಯನ್ನೆಲ್ಲ ತಡವಿ ಪರೀಕ್ಷಿಸಿ, ಇಳಿಸುವ ಕೀಲನ್ನು ಅವನು ತಾನೇ ಕಂಡುಕೊಳ್ಳುತ್ತಾನೆ. ಕಲ್ಪನೆಯ ಕುದುರೆಗೂ ಎರಡು ಕೀಲುಗಳಿವೆ. ಮೊದಲನೆಯದು ಬೆರಗು, ಎರಡನೆಯದು ಪರೀಕ್ಷೆ. ಮೊದಲನೆಯದನ್ನು ಕಥೆ ಹೇಳುವವರು ತೋರಿಸುತ್ತಾರೆ. ಎರಡನೆಯದನ್ನು ಏರಿದವನೇ ಹುಡುಕಿಕೊಳ್ಳಬೇಕು.

ಎರಡನೆಯ ಕೀಲನ್ನು ಮರೆತವರ ಗತಿಯೇನಾಯಿತೆಂಬುದಕ್ಕೆ ಯೂರೋಪಿನ ಒಂದು ಉದಾಹರಣೆಯಿದೆ. ಹಣೆಯಲ್ಲಿ ಒಂದೇ ಕೊಂಬುಳ್ಳ ಕುದುರೆಯಂಥ ಪ್ರಾಣಿಯಿದೆಯೆಂದು ಅಲ್ಲಿನವರು ಬಹುಕಾಲ ನಂಬಿದ್ದರು. ಅದರ ಕೊಂಬು ವಿಷವನ್ನು ನಿವಾರಿಸುತ್ತದೆಂದು ತಿಳಿದು, ಸುರುಳಿ ಸುರುಳಿಯಾದ ಉದ್ದನೆಯ ಕೊಂಬುಗಳನ್ನು ಶ್ರೀಮಂತರು ಅಪಾರ ಹಣ ಕೊಟ್ಟು ಕೊಳ್ಳುತ್ತಿದ್ದರು. 1638ರಲ್ಲಿ ಡೆನ್ಮಾರ್ಕಿನ ವೈದ್ಯ ಓಲೆ ವರ್ಮ್ ಎಂಬವನು ಅವು ಕೊಂಬುಗಳೇ ಅಲ್ಲವೆಂದು ತೋರಿಸಿಕೊಟ್ಟನು. ಉತ್ತರದ ಹಿಮಸಾಗರದಲ್ಲಿ ವಾಸಿಸುವ ನಾರ್ವಾಲ್ ಎಂಬ ತಿಮಿಂಗಿಲ ಜಾತಿಯ ಪ್ರಾಣಿಯ ದಂತಗಳು ಅವು. ನಿಜ ಹೊರಬಿದ್ದುದರಿಂದ ಜಗತ್ತು ಬಡವಾಗಲಿಲ್ಲ. ಮೇಲ್ದವಡೆಯ ಒಂದೇ ಹಲ್ಲು ತುಟಿಯನ್ನು ಸೀಳಿಕೊಂಡು ಮನುಷ್ಯನ ಎತ್ತರವನ್ನು ಮೀರಿ ಬೆಳೆಯುವ ಪ್ರಾಣಿ ಯಾವ ಕಟ್ಟುಕಥೆಗೆ ಕಡಿಮೆ?

ಇಂತಹ ಉದಾಹರಣೆಗಾಗಿ ದೂರದ ಹಿಮಸಾಗರಕ್ಕೇ ಹೋಗಬೇಕಾಗಿಲ್ಲ. ತುಮಕೂರು ತಾಲ್ಲೂಕಿನ ನಾಗವಲ್ಲಿಯ ಸುತ್ತಮುತ್ತಲಿನ ಮರಗಿಡಗಳಲ್ಲಿ ಕಾಡುಪಾಪ ಎಂಬ ಪುಟ್ಟ ಪ್ರಾಣಿಯೊಂದು ವಾಸಿಸುತ್ತದೆ. ಅದು ಕೋತಿ, ಮನುಷ್ಯರು ಸೇರಿದ ಪ್ರಾಣಿವರ್ಗಕ್ಕೇ ಸೇರಿದುದು. ಆದರೂ ಅಂಗೈಯ ಮೇಲೆ ಕುಳ್ಳಿರಿಸಬಹುದಾದಷ್ಟು ಚಿಕ್ಕದು. ಕಡ್ಡಿಯಂತಹ ಕೈಕಾಲುಗಳು, ಬಾಲವಿಲ್ಲದ ಒಡಲು, ಮುಖವನ್ನೆಲ್ಲ ತುಂಬಿದಂತಿರುವ ಎರಡು ದುಂಡನೆಯ ಕಣ್ಣುಗಳು. ಹಗಲೆಲ್ಲ ಮುದುಡಿ ಮಲಗಿದ್ದು, ಕತ್ತಲಾದ ಮೇಲೆ ಕೊಂಬೆಯಿಂದ ಕೊಂಬೆಗೆ ಸದ್ದಿಲ್ಲದೆ ಸಾಗುತ್ತ ಹುಳುಹುಪ್ಪಟೆಗಳನ್ನು ಹಿಡಿದು ತಿನ್ನುತ್ತದೆ. ಕಂಡವರಿಗೆ ಅದು ಕಥೆಯೊಳಗಿನಿಂದ ಇಳಿದುಬಂದ ಜೀವಿಯಂತೆ ತೋರಿದರೆ ಆಶ್ಚರ್ಯವಿಲ್ಲ. ಆದರೆ ಆ ವಿಚಿತ್ರ ರೂಪವೇ ಅದಕ್ಕೆ ಶಾಪವಾಗಿದೆ. ಅದರ ಕಣ್ಣುಗಳಿಗೆ ಮಾಂತ್ರಿಕ ಶಕ್ತಿಯಿದೆ, ಅದನ್ನು ಹಿಂಸಿಸಿದರೆ ಶತ್ರುವಿಗೆ ನೋವಾಗುತ್ತದೆ ಎಂಬ ಮೂಢನಂಬಿಕೆಯಿಂದ ಮಾಟಮಂತ್ರಗಳಿಗಾಗಿ ಅದನ್ನು ಹಿಡಿದು ಕೊಲ್ಲುವವರುಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಕಾಡುಪಾಪಕ್ಕೆ ಅತ್ಯುನ್ನತ ರಕ್ಷಣೆಯನ್ನು ನೀಡಿದೆ. ನೆರೆಯ ತಮಿಳುನಾಡು ಸರ್ಕಾರವು 2022ರಲ್ಲಿ ಕಡವೂರಿನಲ್ಲಿ ಕಾಡುಪಾಪಗಳಿಗಾಗಿಯೇ ಅಭಯಾರಣ್ಯವೊಂದನ್ನು ಘೋಷಿಸಿತು. ಆದರೆ ಕಾನೂನು ಕಾಡಿನ ಪ್ರತಿಯೊಂದು ಕೊಂಬೆಯ ಕೆಳಗೂ ಕಾವಲು ನಿಲ್ಲಲಾರದು. ಆ ಕೆಲಸವನ್ನು ಸುತ್ತಲಿನ ಜನರ ತಿಳಿವಳಿಕೆಯೇ ಮಾಡಬೇಕು.

ಗಂಡಭೇರುಂಡಕ್ಕೂ ಕಾಡುಪಾಪಕ್ಕೂ ಇರುವ ವ್ಯತ್ಯಾಸವನ್ನು ಇಲ್ಲಿ ಅರಿಯಬೇಕು. ಗಂಡಭೇರುಂಡವು ಎಂದೂ ಹುಟ್ಟಲಿಲ್ಲ. ಆದ್ದರಿಂದ ಅದಕ್ಕೆ ಸಾವಿಲ್ಲ. ಕಲ್ಲು ಸವೆದರೆ ಇನ್ನೊಂದು ಕಲ್ಲಿನಲ್ಲಿ, ನಾಣ್ಯ ಕರಗಿದರೆ ಕಾಗದದ ಮೇಲೆ ಅದು ಮತ್ತೆ ಮೂಡುತ್ತದೆ. ಕಾಡುಪಾಪವಾದರೋ ಹುಟ್ಟಿ ಬಂದ ಜೀವ. ಅದರ ಸಂತತಿ ಒಮ್ಮೆ ಅಳಿದರೆ ಯಾವ ಶಿಲ್ಪಿಯೂ ಯಾವ ಕಥೆಗಾರನೂ ಅದನ್ನು ಮರಳಿ ತರಲಾರನು. ಆಗ ಅದು ಕೂಡ ಒಂದಾನೊಂದು ಕಾಲದಲ್ಲಿ ಎಂದು ಆರಂಭವಾಗುವ ಕಥೆಯಾಗಿ ಉಳಿದೀತು. ಕಲ್ಪಿತ ಪ್ರಾಣಿಯನ್ನು ಪ್ರೀತಿಸುವುದು ತಪ್ಪಲ್ಲ. ನಿಜವಾದ ಪ್ರಾಣಿಯ ಮೇಲೆ ಕಟ್ಟುಕಥೆಯನ್ನು ಹೊರಿಸಿ ಅದರ ಪ್ರಾಣ ತೆಗೆಯುವುದು ಘೋರವಾದ ತಪ್ಪು. ಕಲ್ಪನೆಗೂ ಮೂಢನಂಬಿಕೆಗೂ ನಡುವಿನ ಗೆರೆ ಇದೇ: ಕಲ್ಪನೆಯು ತಾನು ಕಲ್ಪನೆಯೆಂಬುದನ್ನು ಬಲ್ಲದು; ಮೂಢನಂಬಿಕೆ ಅದನ್ನು ಮರೆತಿದೆ.

ನಮ್ಮ ಹಳ್ಳಿಗಳ ಜಾತ್ರೆ, ಉತ್ಸವಗಳಲ್ಲಿ ಕೀಲುಕುದುರೆಯ ಕುಣಿತವನ್ನು ಎಷ್ಟೋ ಜನ ನೋಡಿರುತ್ತಾರೆ. ಬಿದಿರಿನ ತಡಿಕೆ, ಬಟ್ಟೆ, ಬಣ್ಣಗಳಿಂದ ಮಾಡಿದ ಕುದುರೆಯ ಒಡಲನ್ನು ಕುಣಿಯುವವನು ಸೊಂಟಕ್ಕೆ ಕಟ್ಟಿಕೊಂಡಿರುತ್ತಾನೆ. ವಾದ್ಯದ ಗತ್ತಿಗೆ ಅವನು ಹೆಜ್ಜೆ ಹಾಕತೊಡಗಿದರೆ ಸವಾರನೊಬ್ಬನು ಪುಟಿಯುವ ಕುದುರೆಯನ್ನೇರಿ ಬಂದಂತೆಯೇ ತೋರುತ್ತದೆ. ಸುತ್ತಲಿನ ಮಕ್ಕಳು ಬಾಯ್ದೆರೆದು ನೋಡುತ್ತಾರೆ. ಕುದುರೆಗೆ ಪ್ರಾಣವಿಲ್ಲವೆಂಬುದು ಅವರಿಗೆ ಗೊತ್ತು. ಆದರೂ ಅವರ ಸಂತೋಷಕ್ಕೆ ಕೊರತೆಯಿಲ್ಲ. ಅವರಲ್ಲೊಬ್ಬ ತುಂಟನು ಬಗ್ಗಿ ನೋಡಿದರೆ, ಬಣ್ಣದ ಬಟ್ಟೆಯ ಅಂಚಿನ ಕೆಳಗೆ, ಧೂಳು ಮೆತ್ತಿದ ಎರಡು ಕಾಲುಗಳು ನೆಲವನ್ನು ಬಲವಾಗಿ ಮೆಟ್ಟಿ ಕುಣಿಯುತ್ತಿರುವುದು ಅವನಿಗೆ ಕಾಣಿಸುತ್ತದೆ.