ಹಿಂದಿನಿಂದ ಇಡುವ ಗುಳಿಗೆ ಮತ್ತು ಭಂಗಿಯ ಔಷಧ: ಮನೆಯಲ್ಲಿ ಶುಶ್ರೂಷೆ ಮಾಡುವವರು ತಿಳಿದಿರಬೇಕಾದುದು

ಊರಿನಿಂದ ರೋಗಿಗಳು ಬಂದು ಇಳಿದುಕೊಳ್ಳದ ಕನ್ನಡಿಗರ ಮನೆ ಮುಂಬಯಿಯಲ್ಲಿ ಅಪರೂಪ. ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆ 1941ರಲ್ಲಿ ಪ್ರಾರಂಭವಾಯಿತು. ಹುಬ್ಬಳ್ಳಿ, ಬೆಳಗಾವಿ, ವಿಜಯಪುರ, ಕಲಬುರಗಿಗಳ ಕಡೆಯಿಂದ ಅಲ್ಲಿಗೆ ಬರುವವರು ಆಸ್ಪತ್ರೆಯ ಹಾಸಿಗೆಯ ಮೇಲೆ ಇರುವುದು ಕೆಲವೇ ದಿನ. ಉಳಿದ ದಿನಗಳನ್ನು ಯಾರೋ ನೆಂಟರ ಒಂದು ಖೋಲಿಯಲ್ಲಿ ಕಳೆಯುತ್ತಾರೆ. ಆಸ್ಪತ್ರೆಯಲ್ಲಿ ದಾದಿಯರು ಮಾಡುತ್ತಿದ್ದ ಕೆಲಸ ಅಲ್ಲಿ ಮಗನ ಪಾಲಿಗೋ ಸೊಸೆಯ ಪಾಲಿಗೋ ಬರುತ್ತದೆ. ಬಾಯಿಂದ ಕೊಟ್ಟ ಗುಳಿಗೆ ವಾಂತಿಯಲ್ಲಿ ಹೊರಬೀಳುವಾಗ, ನುಂಗಲು ಗಂಟಲು ಒಪ್ಪದಿರುವಾಗ, ವೈದ್ಯರು ಗುದದ್ವಾರದಲ್ಲಿ ಇಡುವ ಗುಳಿಗೆಯನ್ನು ಬರೆದುಕೊಡುತ್ತಾರೆ. ಇದಕ್ಕೆ ಸಪೋಸಿಟರಿ ಎಂದು ಹೆಸರು. ಚೀಟಿ ಹಿಡಿದು ಹೊರಬಂದ ಮೇಲೆ ಅದನ್ನು ಇಡುವ ಬಗೆ ಹೇಗೆ ಎಂದು ಕೇಳಲು ನಮ್ಮ ಜನಕ್ಕೆ ನಾಚಿಕೆ. ಈ ನಾಚಿಕೆಯಿಂದ ರೋಗಿಗೆ ಕಷ್ಟವಾಗುವುದನ್ನು ನಾವು ಕಂಡಿದ್ದೇವೆ.

ಇದರ ಜೊತೆಗೆ ಈಚೆಗೆ ಇನ್ನೊಂದು ಪ್ರಶ್ನೆಯೂ ವಾಚನಾಲಯದ ಮೇಜಿನ ಬಳಿ ಕೇಳಿಬರುತ್ತಿದೆ. ಗಾಂಜಾ ಅಥವಾ ಭಂಗಿಯ ಎಣ್ಣೆಯಿಂದ ಮಾಡಿದ ಇಂಥ ಗುಳಿಗೆಯನ್ನು ಇಟ್ಟರೆ ನೋವು, ವಾಂತಿ ನಿಲ್ಲುತ್ತವೆ, ಅಮಲೂ ಏರುವುದಿಲ್ಲ ಎಂಬ ಮಾತು ಮೊಬೈಲಿನಲ್ಲಿ ಹರಿದಾಡುತ್ತಿದೆ. ಇದು ನಿಜವೇ, ಮನೆಯಲ್ಲಿ ಮಾಡಬಹುದೇ ಎಂಬುದು ಪ್ರಶ್ನೆ. ನಾವು ವೈದ್ಯರಲ್ಲ. ವೈದ್ಯಶಾಸ್ತ್ರದಲ್ಲಿ ಸ್ಥಿರಪಟ್ಟಿರುವ ಸಂಗತಿಗಳನ್ನು ಮಾತ್ರ ಇಲ್ಲಿ ಸರಳವಾಗಿ ಬರೆಯುತ್ತೇವೆ.

ಗುದದ ಮೂಲಕ ಔಷಧ ಕೊಡುವುದು ನಮಗೆ ಹೊಸದೇನಲ್ಲ. ಆಯುರ್ವೇದದಲ್ಲಿ ಫಲವರ್ತಿ ಎಂಬ ಬತ್ತಿ ಉಂಟು. ಎಳೆಗೂಸಿಗೆ ಹೊಟ್ಟೆ ಕಟ್ಟಿದಾಗ ವೀಳ್ಯದೆಲೆಯ ತೊಟ್ಟಿಗೆ ಹರಳೆಣ್ಣೆ ಸವರಿ ಮುಟ್ಟಿಸುತ್ತಿದ್ದ ಅಜ್ಜಿಯರನ್ನು ನಮ್ಮಲ್ಲಿ ಅನೇಕರು ನೋಡಿದ್ದಾರೆ. (ಸಾಬೂನಿನ ಚೂರು ಇಡುವ ಪದ್ಧತಿಯೂ ಇತ್ತು, ಅದು ಒಳಚರ್ಮವನ್ನು ಸುಡುತ್ತದೆ, ಮಾಡಕೂಡದು.) ಈಗಿನ ಗುಳಿಗೆ ದೊಡ್ಡವರದು ಸುಮಾರು 2 ಗ್ರಾಂ, ಮಕ್ಕಳದು ಸುಮಾರು 1 ಗ್ರಾಂ ತೂಗುತ್ತದೆ. ಕೋಕೋ ಬೆಣ್ಣೆಯಂಥ ಕೊಬ್ಬಿನಲ್ಲಿಯೋ, ಗ್ಲಿಸರಿನ್ ಮತ್ತು ಜೆಲಟಿನ್‌ನಲ್ಲಿಯೋ, ನೀರಿನಲ್ಲಿ ಕರಗುವ ಮೇಣದಂಥ ಪದಾರ್ಥದಲ್ಲಿಯೋ ಔಷಧವನ್ನು ಬೆರೆಸಿ ಅಚ್ಚು ಹಾಕಿರುತ್ತಾರೆ. ಕೋಕೋ ಬೆಣ್ಣೆ ಕರಗುವುದು 34ರಿಂದ 36 ಡಿಗ್ರಿ ಸೆಂಟಿಗ್ರೇಡಿನಲ್ಲಿ; ದೇಹದೊಳಗೆ 37 ಡಿಗ್ರಿ ಇರುವುದರಿಂದ ಒಳಹೋದ ಮೇಲೆ ಅದು ತಾನಾಗಿ ಕರಗುತ್ತದೆ. ಆದರೆ ಮೇ ತಿಂಗಳಿನ ಮುಂಬಯಿಯ ಖೋಲಿಯೂ ಹೆಚ್ಚು ಕಡಿಮೆ ಅಷ್ಟೇ ಬಿಸಿ. ಔಷಧದ ಅಂಗಡಿಯಿಂದ ತಂದುದನ್ನು ಕಿಟಕಿಯ ಗೂಡಿನಲ್ಲಿ ಇಟ್ಟು ಸಂಜೆ ನೋಡಿದರೆ ಕಾಗದದೊಳಗೆ ಎಣ್ಣೆ ಮಾತ್ರ ಉಳಿದಿರುತ್ತದೆ. ಫ್ರಿಜ್ಜಿನ ಬಾಗಿಲಿನ ಗೂಡಿನಲ್ಲಿ ಇಡಬೇಕು, ಮಂಜು ಕಟ್ಟುವ ಭಾಗದಲ್ಲಿ ಅಲ್ಲ. ಮನೆಯಲ್ಲಿ ಫ್ರಿಜ್ಜಿಲ್ಲದವರು ಪಕ್ಕದ ಮನೆಯವರನ್ನು ಕೇಳಲು ಸಂಕೋಚಪಡಬಾರದು. ಸ್ವಲ್ಪ ಮೆತ್ತಗಾಗಿದ್ದರೆ, ಕಾಗದ ಬಿಚ್ಚುವ ಮುನ್ನ ಕೆಲವು ನಿಮಿಷ ತಣ್ಣೀರಿನಲ್ಲಿ ಹಿಡಿದರೆ ಗಟ್ಟಿಯಾಗುತ್ತದೆ. ಪೂರಾ ಕರಗಿ ಮತ್ತೆ ಗಟ್ಟಿಯಾದುದನ್ನು ಬಳಸಬಾರದು. ಔಷಧವೆಲ್ಲ ಒಂದು ತುದಿಗೆ ಇಳಿದಿರಬಹುದು.

ಈಗ ಇಡುವ ಕ್ರಮ. ರೋಗಿಗೆ ಮೊದಲೇ ಹೇಳಿ ಒಪ್ಪಿಗೆ ಪಡೆಯುವುದು ಎಲ್ಲಕ್ಕಿಂತ ಮುಖ್ಯ. ವಯಸ್ಸಾದ ಹೆಂಗಸರು ಇದಕ್ಕಾಗಿ ಅಳುವುದುಂಟು. ಬಾಗಿಲು ಮುಚ್ಚಿ, ಮೈಮೇಲೆ ಒಂದು ಚಾದರ ಹೊದಿಸಿ, "ಅತ್ತೀ, ಎಡಮಗ್ಗಲಿಗೆ ಹೊರಳ್ರಿ, ಒಂದ ನಿಮಿಷದ ಕೆಲಸ ಐತ್ರಿ" ಎಂದು ಸಾಧಾರಣ ದನಿಯಲ್ಲಿ ಹೇಳಿದರೆ ಅರ್ಧ ಭಯ ಕಡಮೆಯಾಗುತ್ತದೆ. ಮಲವಿಸರ್ಜನೆಗೆ ಹೋಗಬೇಕೆನಿಸಿದರೆ ಮೊದಲು ಹೋಗಿಬರಲಿ. ಹೊಟ್ಟೆ ಸಡಿಲಿಸಲು ಕೊಡುವ ಗ್ಲಿಸರಿನ್ ಗುಳಿಗೆಗೆ ಮಾತ್ರ ಈ ಮಾತು ಅನ್ವಯಿಸುವುದಿಲ್ಲ. ಎಡಮಗ್ಗುಲಿಗೆ ಮಲಗಿಸಿ, ಬಲಗಾಲಿನ ಮೊಣಕಾಲನ್ನು ಹೊಟ್ಟೆಯ ಕಡೆಗೆ ಮಡಚಿಸಬೇಕು. ಕೈಗಳನ್ನು ಸಾಬೂನಿನಿಂದ ತೊಳೆದು, ಉಗುರು ಕತ್ತರಿಸಿದ ಬೆರಳಿಗೆ ರಬ್ಬರಿನ ಕೈಗವಸು ಹಾಕಿಕೊಳ್ಳಬೇಕು. ಕಾಗದವನ್ನು ಪೂರ್ತಿ ತೆಗೆದಿರುವಿರಾ ಎಂದು ಇನ್ನೊಮ್ಮೆ ನೋಡಿರಿ. ಕಾಗದ ಸಮೇತ ಇಟ್ಟವರೂ ಇದ್ದಾರೆ. ತುದಿಯನ್ನು ನೀರಿನಲ್ಲಿ ಒದ್ದೆ ಮಾಡಬೇಕು, ಇಲ್ಲವೇ ನೀರಿನಲ್ಲಿ ಕರಗುವ ಜೆಲ್ಲಿಯನ್ನು ಸವರಬೇಕು. ವ್ಯಾಸಲೀನು ಬೇಡ, ಅದು ಔಷಧ ಹೀರಲ್ಪಡುವುದಕ್ಕೆ ಅಡ್ಡಿ ಮಾಡಬಹುದು.

ಬಳಿಕ ರೋಗಿಗೆ ಬಾಯಿಂದ ದೀರ್ಘವಾಗಿ ಉಸಿರು ಬಿಡಲು ಹೇಳಿ, ಆ ಹೊತ್ತಿಗೆ ಮೆಲ್ಲಗೆ ಒಳಗೆ ನೂಕಬೇಕು. ದೊಡ್ಡವರಿಗೆ ಸುಮಾರು ಒಂದು ಅಂಗುಲ, ಅಂದರೆ ಎರಡೂವರೆ ಸೆಂಟಿಮೀಟರು ಒಳಗೆ ಹೋದರೆ ಸಾಕು. ಬಿಗಿಯಾದ ಸ್ನಾಯುವಿನ ಉಂಗುರವನ್ನು ದಾಟಿದುದು ಬೆರಳಿಗೆ ತಿಳಿಯುತ್ತದೆ. ದಾಟದಿದ್ದರೆ ತಕ್ಷಣ ಹೊರಗೆ ಜಾರುತ್ತದೆ. ಮಕ್ಕಳಿಗೆ ಇದಕ್ಕಿಂತ ಕಡಮೆ ಆಳ. ಚೂಪು ತುದಿ ಮೊದಲೋ ಮೊಂಡು ತುದಿ ಮೊದಲೋ ಎಂಬ ಬಗ್ಗೆ ಎರಡು ಅಭಿಪ್ರಾಯಗಳುಂಟು. ಪೊಟ್ಟಣದ ಕಾಗದದಲ್ಲಿ ಹೇಳಿದಂತೆ ಮಾಡಿರಿ. ಗುಳಿಗೆ ಮಲದ ಗಡ್ಡೆಯೊಳಗೆ ಸೇರಿಕೊಂಡರೆ ಪ್ರಯೋಜನವಿಲ್ಲ, ಕರುಳಿನ ಗೋಡೆಗೆ ತಾಗಿರಬೇಕು. ಅನಂತರ ಪೃಷ್ಠಗಳನ್ನು ಒಂದು ಗಳಿಗೆ ಒತ್ತಿ ಹಿಡಿದು, ಕಾಲು ಗಂಟೆ ಹಾಗೆಯೇ ಮಲಗಿಸಬೇಕು. ಎಲ್ಲಿಯಾದರೂ ತಡೆ ಬಂದರೆ, ರೋಗಿ ನೋವೆಂದರೆ, ಬಲವಂತ ಮಾಡಕೂಡದು. ಅರ್ಧ ಕರಗಿ ಹೊರಬಿದ್ದರೆ ಇನ್ನೊಂದನ್ನು ಇಡುವ ಮೊದಲು ವೈದ್ಯರನ್ನು ಕೇಳಬೇಕು, ಎಷ್ಟು ಒಳಹೋಗಿದೆಯೆಂದು ನಮಗೆ ತಿಳಿಯುವಂತಿಲ್ಲ. ದೊಡ್ಡವರ ಗುಳಿಗೆಯನ್ನು ತುಂಡರಿಸಿ ಮಗುವಿಗೆ ಕೊಡುವುದೂ ಇದೇ ಕಾರಣಕ್ಕೆ ತಪ್ಪು.

ಬಾಯಿಂದ ಕೊಡಲಿಲ್ಲ, ಆದ್ದರಿಂದ ಲೆಕ್ಕಕ್ಕಿಲ್ಲ ಎಂದು ತಿಳಿಯುವುದು ಅಪಾಯ. ಪ್ಯಾರಾಸಿಟಮಾಲ್ ದೊಡ್ಡವರಿಗೆ ದಿನಕ್ಕೆ ಎಲ್ಲ ಬಗೆಯಿಂದ ಸೇರಿ 4 ಗ್ರಾಂ ಮೀರಕೂಡದು; ಕೃಶರಾದವರಿಗೆ, ಯಕೃತ್ತಿನ ತೊಂದರೆಯವರಿಗೆ ಇನ್ನೂ ಕಡಮೆ. ಡೈಕ್ಲೋಫೆನಾಕ್ ಹಿಂದಿನಿಂದ ಇಟ್ಟರೂ ಹೊಟ್ಟೆಯ ಹುಣ್ಣು, ಮೂತ್ರಪಿಂಡ, ಹೃದಯ ಇವುಗಳ ರೋಗಿಗಳಿಗೆ ಕೇಡು ಮಾಡಬಲ್ಲದು.

ಎಲ್ಲಕ್ಕಿಂತ ಹೆಚ್ಚಾಗಿ ವಾಚಕರು ನೆನಪಿಡಬೇಕಾದ ಮಾತೊಂದಿದೆ. ಕ್ಯಾನ್ಸರಿಗೆ ಕಿಮೋಥೆರಪಿ ತೆಗೆದುಕೊಳ್ಳುತ್ತಿರುವವರಿಗೆ, ಚಿಕಿತ್ಸೆ ಮಾಡುವ ವೈದ್ಯರ ಅಪ್ಪಣೆಯಿಲ್ಲದೆ ಗುದದಲ್ಲಿ ಏನನ್ನೂ ಇಡಬಾರದು. ಆ ಔಷಧದಿಂದ ರಕ್ತದ ಬಿಳಿಯ ಕಣಗಳು ಇಳಿಯುತ್ತವೆ, ಸಾಮಾನ್ಯವಾಗಿ 7ರಿಂದ 14 ದಿನಗಳ ನಡುವೆ ಬಹಳ ಕೆಳಗೆ ಹೋಗುತ್ತವೆ. ಆಗ ಗುದದ ಒಳಚರ್ಮ ಕೂದಲೆಳೆಯಷ್ಟು ಗೀರಿದರೂ ಅಲ್ಲಿಂದ ಕ್ರಿಮಿಗಳು ರಕ್ತಕ್ಕೆ ಸೇರಿ ಪ್ರಾಣಕ್ಕೆ ಸಂಚಕಾರ ಬರಬಹುದು. ಪ್ಲೇಟ್‌ಲೆಟ್ಟುಗಳು ಇಳಿದಿದ್ದರೆ ರಕ್ತ ನಿಲ್ಲುವುದಿಲ್ಲ. ಜ್ವರ ನೋಡಲು ಅಲ್ಲಿ ಥರ್ಮಾಮೀಟರು ಇಡುವುದೂ ಬೇಡ. ಕಿಮೋ ಆದವರಿಗೆ 38 ಡಿಗ್ರಿ ಜ್ವರ ಬಂದರೆ ಪ್ಯಾರಾಸಿಟಮಾಲ್ ಕೊಟ್ಟು ಇಳಿಸಿ ಬೆಳಗಾಗಲೆಂದು ಕಾಯಬಾರದು, ಆ ರಾತ್ರಿಯೇ ಆಸ್ಪತ್ರೆಗೆ ಒಯ್ಯಬೇಕು. ಗುದದಿಂದ ರಕ್ತ ಹೋಗುತ್ತಿರುವವರು, ಅಲ್ಲಿ ಈಚೆಗೆ ಶಸ್ತ್ರಚಿಕಿತ್ಸೆ ಆದವರು, ಭೇದಿಯಾಗುತ್ತಿರುವವರು ಸಹ ಕೇಳದೆ ಇಡಕೂಡದು. ಭಂಗಿಯ ಗುಳಿಗೆಯ ಆಸೆ ತೋರಿಸುತ್ತಿರುವುದು ಹೆಚ್ಚಾಗಿ ಕ್ಯಾನ್ಸರಿನ ರೋಗಿಗಳಿಗೇ ಆದ್ದರಿಂದ ಇದನ್ನು ಬಿಡಿಸಿ ಹೇಳಬೇಕಾಯಿತು.

ಭಂಗಿಗೆ ಔಷಧಗುಣವೇ ಇಲ್ಲವೆಂದು ನಾವು ಹೇಳುವುದಿಲ್ಲ. ನಮ್ಮ ವೈದ್ಯರು ಇದನ್ನು ವಿಜಯಾ ಎಂಬ ಹೆಸರಿನಿಂದ ಬಲ್ಲರು. ಕಲ್ಕತ್ತೆಯ ವೈದ್ಯಕೀಯ ಕಾಲೇಜಿನ ಅಧ್ಯಾಪಕ ವಿಲಿಯಂ ಬ್ರೂಕ್ ಓಶಾನೆಸಿ 1839ರಲ್ಲಿ ಧನುರ್ವಾಯು, ಕಾಲರಾ ಮುಂತಾದ ರೋಗಗಳಲ್ಲಿ ಇದನ್ನು ಪ್ರಯೋಗಿಸಿ ಬರೆದ ಮೇಲೆ ವಿಲಾಯತಿಯ ವೈದ್ಯರ ಗಮನ ಇತ್ತ ಹರಿಯಿತು. ಅಮಲು ಬರಿಸುವ ಟಿ.ಎಚ್.ಸಿ. ಎಂಬ ಅಂಶದ ರಚನೆಯನ್ನು 1964ರಲ್ಲಿ ಇಸ್ರೇಲಿನ ರಫಾಯಲ್ ಮೆಕೌಲಂ ಮತ್ತು ಅವರ ಸಂಗಡಿಗರು ಗೊತ್ತುಮಾಡಿದರು. ಕಿಮೋದಿಂದಾಗುವ ವಾಂತಿಗೆ ಇದೇ ಅಂಶವುಳ್ಳ ಡ್ರೊನಾಬಿನಾಲ್ ಎಂಬ ಗುಳಿಗೆಗೆ ಅಮೆರಿಕದಲ್ಲಿ 1985ರಲ್ಲಿ ಒಪ್ಪಿಗೆ ಸಿಕ್ಕಿತು. ಅಮಲು ಬರಿಸದ ಇನ್ನೊಂದು ಅಂಶವಾದ ಸಿ.ಬಿ.ಡಿ.ಯ ದ್ರಾವಣವನ್ನು ಮಕ್ಕಳ ಕೆಲವು ಬಗೆಯ ಕಠಿಣ ಮೂರ್ಛೆರೋಗಕ್ಕಾಗಿ 2018ರಲ್ಲಿ ಅಲ್ಲಿಯೇ ಅಂಗೀಕರಿಸಿದರು. ಇವೆರಡೂ ಬಾಯಿಂದ ತೆಗೆದುಕೊಳ್ಳುವ ಔಷಧಗಳು, ಹಿಂದಿನಿಂದ ಇಡುವವಲ್ಲ ಎಂಬುದನ್ನು ಗಮನಿಸಬೇಕು.

ಹಾಗಾದರೆ ಹಿಂದಿನಿಂದ ಇಡುವ ಮಾತು ಎಲ್ಲಿಂದ ಬಂತು? ಗುದದ ಕೆಳಭಾಗದ ರಕ್ತನಾಳಗಳು ಯಕೃತ್ತಿಗೆ ಹೋಗದೆ ನೇರವಾಗಿ ದೇಹದ ರಕ್ತಕ್ಕೆ ಸೇರುತ್ತವೆ. ಮೇಲ್ಭಾಗದವು ಮಾತ್ರ ಯಕೃತ್ತಿಗೆ ಹೋಗುತ್ತವೆ. ಬಾಯಿಂದ ಕೊಟ್ಟ ಟಿ.ಎಚ್.ಸಿ.ಯ ದೊಡ್ಡ ಪಾಲನ್ನು ಯಕೃತ್ತು ಮೊದಲೇ ಮಾರ್ಪಡಿಸಿಬಿಡುವುದರಿಂದ ಈ ದಾರಿ ಮೇಲೆಂದು ತೋರಿತು. ಆದರೆ ಬರಿಯ ಟಿ.ಎಚ್.ಸಿ. ಕೊಬ್ಬಿನಲ್ಲಿ ಬೆರೆತು ಹೋದಾಗ ಕರುಳಿನ ಗೋಡೆ ಅದನ್ನು ಸರಿಯಾಗಿ ಹೀರುವುದಿಲ್ಲ. ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಅದಕ್ಕೆ ಹೆಮಿಸಕ್ಸಿನೇಟ್ ಎಂಬ ಬೇರೆ ರಾಸಾಯನಿಕ ರೂಪ ಕೊಟ್ಟ ಮೇಲೆಯೇ ಅದು ರಕ್ತಕ್ಕೆ ಸೇರಿತು. 1996ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಈ ರೂಪವನ್ನು ಹಿಂದಿನಿಂದ ಕೊಟ್ಟಾಗ ಬಾಯಿಯ ಗುಳಿಗೆಗಿಂತ ಸುಮಾರು ಇಮ್ಮಡಿ ಔಷಧ ರಕ್ತಕ್ಕೆ ಸೇರಿದುದು ಕಂಡಿತು. ಆದರೆ ಅದರಲ್ಲಿ ಇದ್ದ ರೋಗಿಗಳು ಇಬ್ಬರೇ. ಮಾರಾಟಗಾರರು ಈ ಪರೀಕ್ಷೆಯ ಫಲವನ್ನು ಹಿಡಿದು ಕೊಬ್ಬರಿ ಎಣ್ಣೆಯಲ್ಲಿ ಬೆರೆಸಿದ ತಮ್ಮ ಗುಳಿಗೆಗೆ ಅಂಟಿಸುತ್ತಾರೆ. ಇದು ನ್ಯಾಯವಲ್ಲ.

"ಅಮಲೇರುವುದಿಲ್ಲ" ಎಂಬ ಮಾತಿನ ಗುಟ್ಟೂ ಇಲ್ಲಿಯೇ ಇದೆ. ಹೀರಲ್ಪಡದಿದ್ದರೆ ಅಮಲೂ ಇಲ್ಲ, ಗುಣವೂ ಇಲ್ಲ. ಹೀರಲ್ಪಟ್ಟರೆ ಎರಡೂ ಉಂಟು. ಯಾವ ದಿನ ಎಷ್ಟು ಎಂದು ಹೇಳಲು ಬಾರದು. ಮುದುಕರಿಗೆ ತಲೆಸುತ್ತು, ರಕ್ತದೊತ್ತಡದ ಇಳಿತ, ಎದೆಬಡಿತ, ದಿಕ್ಕುತಪ್ಪಿದಂತಾಗುವುದು, ರಾತ್ರಿ ಎದ್ದಾಗ ಬಿದ್ದು ತೊಡೆಯ ಎಲುಬು ಮುರಿಯುವುದು ಇವೆಲ್ಲ ಸಂಭವ. ನಿದ್ರೆಯ ಗುಳಿಗೆ ಅಥವಾ ಮಾರ್ಫಿನ್ ನಡೆಯುತ್ತಿದ್ದರೆ ಮಂಪರು ಇಮ್ಮಡಿಸುತ್ತದೆ. ಸಿ.ಬಿ.ಡಿ.ಯು ರಕ್ತ ತೆಳುಮಾಡುವ ವಾರ್ಫರಿನ್, ಮೂರ್ಛೆಯ ಕ್ಲೋಬಜಾಮ್ ಮುಂತಾದುವುಗಳ ಪ್ರಮಾಣವನ್ನು ರಕ್ತದಲ್ಲಿ ಏರಿಸಬಲ್ಲದು. ಗರ್ಭಿಣಿಯರಿಗೆ, ಹೃದ್ರೋಗಿಗಳಿಗೆ, ಮನೋರೋಗ ಬಂದು ಹೋದವರಿಗೆ ಇದು ಸಲ್ಲದು. ಮನೆಯಲ್ಲಿ ಭಂಗಿಯ ಸೊಪ್ಪು ಕುದಿಸಿ ಅಚ್ಚು ಹಾಕುವುದಂತೂ ಬೇಡವೇ ಬೇಡ: ಒಂದು ಅಚ್ಚಿನಲ್ಲಿ ಎಷ್ಟಿದೆ, ಮತ್ತೊಂದರಲ್ಲಿ ಎಷ್ಟು ಎಂಬುದನ್ನು ಅಡುಗೆಮನೆಯಲ್ಲಿ ಅಳೆಯುವ ಉಪಾಯವಿಲ್ಲ, ಬೂಷ್ಟು ಕೀಟನಾಶಕಗಳನ್ನು ಕಾಣುವ ಕಣ್ಣೂ ನಮಗಿಲ್ಲ.

ಕಾನೂನಿನ ಮಾತು. 1985ರ ಮಾದಕ ದ್ರವ್ಯಗಳ ಕಾಯಿದೆಯ ಪ್ರಕಾರ ಗಿಡದ ಹೂತೆನೆ ಗಾಂಜಾ, ಅದರ ಅಂಟು ಚರಸ್. ಇವೆರಡನ್ನೂ ಇಟ್ಟುಕೊಳ್ಳುವುದು ಅಪರಾಧ. ಅಲ್ಪ ಪ್ರಮಾಣವಾದರೂ ಒಂದು ವರ್ಷದವರೆಗೆ ಸಜೆ, ಹತ್ತು ಸಾವಿರ ರೂಪಾಯಿಯವರೆಗೆ ದಂಡ, ಅಥವಾ ಎರಡೂ ಆಗಬಹುದು. ತೆನೆಯಿಲ್ಲದ ಬರಿಯ ಎಲೆ ಮತ್ತು ಬೀಜ ಈ ವ್ಯಾಖ್ಯೆಯ ಹೊರಗಿವೆ. ಹಾಗೆಂದು ಎಲ್ಲೆಡೆ ಮುಕ್ತವಲ್ಲ, ಭಂಗಿಯ ಬಗ್ಗೆ ಒಂದೊಂದು ರಾಜ್ಯಕ್ಕೆ ಒಂದೊಂದು ಅಬಕಾರಿ ನಿಯಮ. ಎಲೆಯಿಂದ ಮಾಡಿದ ಆಯುರ್ವೇದದ ವಿಜಯಾ ಔಷಧಗಳು ಲೈಸೆನ್ಸು ಪಡೆದ ತಯಾರಕರಿಂದ ಬರುತ್ತವೆ. ಇದು 1945ರ ಔಷಧ ನಿಯಮಗಳ ಇ(1) ಅನುಸೂಚಿಯಲ್ಲಿ, ಅಂದರೆ ವಿಷದ್ರವ್ಯಗಳ ಪಟ್ಟಿಯಲ್ಲಿ ಸೇರಿದ ದ್ರವ್ಯ. ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಸೇವಿಸತಕ್ಕದ್ದು ಎಂಬ ಎಚ್ಚರಿಕೆ ಶೀಷೆಯ ಮೇಲೆ ಇರಲೇಬೇಕು. ಇಂಥದನ್ನು ಕೊಳ್ಳುವುದಿದ್ದರೆ ನೋಂದಣಿಯಾದ ವೈದ್ಯರ ಚೀಟಿ, ತಯಾರಕರ ಲೈಸೆನ್ಸು ಸಂಖ್ಯೆ, ಅಂಗಡಿಯ ರಸೀತಿ ಮೂರನ್ನೂ ಇಟ್ಟುಕೊಳ್ಳಿರಿ, ಕ್ಯಾನ್ಸರಿನ ವೈದ್ಯರಿಗೂ ತಿಳಿಸಿರಿ. ಅವರು ಬಯ್ಯುತ್ತಾರೆಂದು ಮುಚ್ಚಿಟ್ಟರೆ ಅವರು ಬರೆಯುವ ಇತರ ಔಷಧದ ಲೆಕ್ಕ ತಪ್ಪುತ್ತದೆ. ಕೆನಡಾದಲ್ಲಿ 2018ರಿಂದ ಗಾಂಜಾ ಮುಕ್ತವಾಗಿದೆಯೆಂದು ಅಲ್ಲಿರುವ ಮಗನಿಗೆ ತರಲು ಹೇಳುವವರುಂಟು. ಅಲ್ಲಿನ ಅನುಮತಿ ಇಲ್ಲಿನ ವಿಮಾನ ನಿಲ್ದಾಣದಲ್ಲಿ ನಡೆಯುವುದಿಲ್ಲ. ತಾಯಿಯ ಔಷಧಕ್ಕಾಗಿ ಮಗ ಸೆರೆಮನೆ ಸೇರುವಂತಾಗಬಾರದು.

ನೋವು, ವಾಂತಿಗಳಿಗೆ ಆಸ್ಪತ್ರೆಗಳಲ್ಲಿ ಉಪಶಮನ ಚಿಕಿತ್ಸೆಯ ವಿಭಾಗಗಳಿವೆ; ಟಾಟಾ ಆಸ್ಪತ್ರೆಯಲ್ಲಿಯೂ ಇದೆ. ವಾಂತಿ ನಿಲ್ಲಿಸುವ ಔಷಧವನ್ನು ಚುಚ್ಚುಮದ್ದಾಗಿ, ನಾಲಗೆಯ ಮೇಲೆ ಕರಗುವ ಗುಳಿಗೆಯಾಗಿ, ನೋವಿನದನ್ನು ಚರ್ಮಕ್ಕೆ ಅಂಟಿಸುವ ಪಟ್ಟಿಯಾಗಿ ಕೊಡುವ ಮಾರ್ಗಗಳು ಅವರಲ್ಲಿವೆ. "ಗುಳಿಗೆ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ, ಬೇರೆ ದಾರಿ ಹೇಳಿರಿ" ಎಂದು ಕೇಳಿದರೆ ಸಾಕು.

ಯಾರಾದರೂ ಈಗಾಗಲೇ ಭಂಗಿಯ ಔಷಧ ಇಟ್ಟು ರೋಗಿಗೆ ಮಂಪರು ಹೆಚ್ಚಾಗಿದ್ದರೆ, ಒಂದು ಮಗ್ಗುಲಿಗೆ ಮಲಗಿಸಿ, ಒಬ್ಬರನ್ನೇ ಬಿಡದೆ ಹತ್ತಿರ ಕುಳಿತಿರಬೇಕು. ನಡೆಸಬಾರದು, ಬಾಯಿಗೆ ಏನೂ ಹಾಕಬಾರದು. ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನವಾದರೆ, ಎದೆನೋವು ಅಥವಾ ಸೆಳವು ಬಂದರೆ 108 ಇಲ್ಲವೇ 112ಕ್ಕೆ ಕರೆ ಮಾಡಿ, ಪೊಟ್ಟಣವನ್ನು ಜೊತೆಗೆ ಒಯ್ದು, ಇದ್ದುದನ್ನು ಇದ್ದಂತೆ ಹೇಳಬೇಕು. ಕೋಕೋ ಬೆಣ್ಣೆಯ ಗುಳಿಗೆ ಎಳೆಯ ಮಕ್ಕಳ ಕಣ್ಣಿಗೆ ಮಿಠಾಯಿಯಂತೆ ಕಾಣುತ್ತದೆ. ಫ್ರಿಜ್ಜಿನಲ್ಲಿ ಇಡುವಾಗ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಹಾಕಿ, ಮೇಲೆ ರೋಗಿಯ ಹೆಸರನ್ನೂ "ತಿನ್ನುವುದಲ್ಲ" ಎಂಬುದನ್ನೂ ಬರೆದು ಅಂಟಿಸಿರಿ. ಮಗುವೊಂದು ಭಂಗಿಯ ಗುಳಿಗೆಯನ್ನು ತಿಂದಿತೆಂದು ಅನುಮಾನವಿದ್ದರೂ ಸಾಕು, ಲಕ್ಷಣ ಕಾಣಲಿ ಎಂದು ಕಾಯದೆ ಆಸ್ಪತ್ರೆಗೆ ಒಯ್ಯಿರಿ.