ಪಟ್ಟಿಂಗ್ (ಗಾಲ್ಫ್)

ಪಟ್ಟಿಂಗ್ ಎಂಬುದು ಗಾಲ್ಫ್ ಆಟದಲ್ಲಿ ಚೆಂಡನ್ನು ನೆಲದಗುಂಟ ಉರುಳಿಸಿ ಕುಳಿಗೆ ಸೇರಿಸುವ ಹೊಡೆತ. ಕುಳಿಯ ಸುತ್ತ ಹುಲ್ಲನ್ನು ಅತಿ ಗಿಡ್ಡವಾಗಿ ಕತ್ತರಿಸಿ ಸಿದ್ಧಪಡಿಸಿದ ಅಂಗಣಕ್ಕೆ ಗ್ರೀನ್ ಎಂದೂ, ಈ ಹೊಡೆತಕ್ಕೆ ಬಳಸುವ ಚಪ್ಪಟೆ ಮುಖದ ಕೋಲಿಗೆ ಪಟರ್ ಎಂದೂ ಹೆಸರು. ಒಟ್ಟು ಪಾರ್ 72 ಇರುವ 18 ಕುಳಿಗಳ ಮೈದಾನದಲ್ಲಿ ಕುಳಿಗೆ ಎರಡರಂತೆ 36 ಹೊಡೆತಗಳನ್ನು ಪಟ್ಟಿಂಗ್‌ಗೆಂದೇ ಲೆಕ್ಕ ಹಿಡಿಯಲಾಗಿದೆ. ಇನ್ನೂರು ಮೀಟರ್ ದಾಟಿಸುವ ಹೊಡೆತವೂ ಒಂದು ಗೇಣು ಉರುಳಿಸುವ ಹೊಡೆತವೂ ಅಂಕಪಟ್ಟಿಯಲ್ಲಿ ಸಮಾನ. ಹೀಗಾಗಿ ತೋಳ್ಬಲ ಕಡಿಮೆಯಿರುವ ಆಟಗಾರರು ಬಲಿಷ್ಠರನ್ನು ಸರಿಗಟ್ಟುವುದು ಹೆಚ್ಚಾಗಿ ಗ್ರೀನ್ ಮೇಲೆಯೇ.

ಕರ್ನಾಟಕದ ಉದಾಹರಣೆ

ಬೆಂಗಳೂರಿನಲ್ಲಿ ಗಾಲ್ಫ್ ಹಳೆಯ ಆಟ. ಬೆಂಗಳೂರು ಗಾಲ್ಫ್ ಕ್ಲಬ್ 1876ರಲ್ಲಿ ಸ್ಥಾಪನೆಯಾಯಿತು. ಆದರೆ ಪಟ್ಟಿಂಗ್ ಎಂಬ ಪದ ಗಾಲ್ಫ್ ಆಡದ ಕನ್ನಡಿಗರ ಕಿವಿಗೂ ಬಿದ್ದದ್ದು 2021ರ ಆಗಸ್ಟ್‌ನಲ್ಲಿ, ಬೆಂಗಳೂರಿನ ಅದಿತಿ ಅಶೋಕ್ (ಜನನ: 1998) ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಆಡಿದಾಗ. ಚೆಂಡನ್ನು ದೂರ ಹೊಡೆಯುವುದರಲ್ಲಿ ಅವರು ಪ್ರಮುಖ ಸ್ಪರ್ಧಿಗಳಿಗಿಂತ ಬಹಳ ಹಿಂದಿದ್ದರು. ಆ ಕೊರತೆಯನ್ನು ತುಂಬಿದ್ದು ಅವರ ಪಟರ್. ತಾಯಿ ಮಹೇಶ್ವರಿ ಅವರೇ ಕ್ಯಾಡಿಯಾಗಿದ್ದರು. ನಾಲ್ಕು ಸುತ್ತುಗಳಲ್ಲಿ 67, 66, 68, 68, ಒಟ್ಟು 269 ಹೊಡೆತಗಳೊಂದಿಗೆ ಅದಿತಿ ನಾಲ್ಕನೆಯ ಸ್ಥಾನ ಪಡೆದರು. ನೆಲ್ಲಿ ಕೊರ್ಡಾ 267ಕ್ಕೆ ಚಿನ್ನ ಗೆದ್ದರು. ಮೋನೆ ಇನಾಮಿ ಮತ್ತು ಲಿಡಿಯಾ ಕೊ 268ರಲ್ಲಿ ಸಮನಾಗಿ ನಿಂತು, ಪ್ಲೇ-ಆಫ್‌ನಲ್ಲಿ ಬೆಳ್ಳಿ ಇನಾಮಿಯ ಪಾಲಾಯಿತು. ಕೊನೆಯ ಕುಳಿಯಲ್ಲಿ ಅದಿತಿಯ ದೂರದ ಬರ್ಡಿ ಪಟ್ ಕುಳಿಗೆ ಬೀಳಲಿಲ್ಲ. ನಾಲ್ಕು ದಿನಗಳ ಆಟದ ಬಳಿಕ ಪದಕಕ್ಕೂ ಅವರಿಗೂ ಉಳಿದ ಅಂತರ ಒಂದೇ ಒಂದು ಹೊಡೆತ.

ವೇಗ ಮತ್ತು ದಿಕ್ಕು

ಕುಳಿಯ ವ್ಯಾಸ 108 ಮಿ.ಮೀ., ಚೆಂಡಿನ ವ್ಯಾಸ ಸುಮಾರು 43 ಮಿ.ಮೀ. ಈ ಅಳತೆಗಳು ನಿಶ್ಚಿತವಾದರೂ ಚೆಂಡಿನ ಪಾಲಿಗೆ ಕುಳಿಯ ಅಗಲ ಬದಲಾಗುತ್ತಲೇ ಇರುತ್ತದೆ. ನಿಧಾನವಾಗಿ ಬಂದ ಚೆಂಡು ಅಂಚಿನಿಂದಲೂ ಒಳಗೆ ಜಾರುತ್ತದೆ. ರಭಸದಿಂದ ಬಂದದ್ದು ನಡುವಿಗೆ ಬಂದರಷ್ಟೇ ಬೀಳುತ್ತದೆ, ಅಂಚಿಗೆ ತಾಗಿದರೆ ಸುತ್ತಿ ಹೊರಬರುತ್ತದೆ. ಕುಳಿ ತಪ್ಪಿದರೂ ಅದರಾಚೆ ಒಂದು ಮೊಳದೊಳಗೆ ನಿಲ್ಲುವಷ್ಟು ವೇಗ ಸೂಕ್ತವೆಂಬುದು ಬಹುಪಾಲು ತರಬೇತುದಾರರ ಅಭಿಪ್ರಾಯ.

ಚೆಂಡು ಹೊರಡುವ ದಿಕ್ಕನ್ನು ಬಹುಮಟ್ಟಿಗೆ ನಿರ್ಧರಿಸುವುದು ತಾಗುವ ಕ್ಷಣದಲ್ಲಿ ಪಟರ್ ಮುಖ ಯಾವ ಕಡೆ ನೋಡುತ್ತಿದೆ ಎಂಬುದು. ಕೋಲು ಬೀಸಿದ ಹಾದಿಯ ಪಾತ್ರ ಕಿರಿದು. ಮೂರು ಮೀಟರ್ ದೂರದ ಸಮತಟ್ಟಾದ ಪಟ್‌ನಲ್ಲಿ ದಿಕ್ಕು ಒಂದು ಡಿಗ್ರಿ ತಪ್ಪಿದರೆ ಚೆಂಡು ಕುಳಿಯ ನಡುವಿನಿಂದ ಸುಮಾರು 5 ಸೆಂ.ಮೀ. ಸರಿದು ಅಂಚಿಗೆ ಬರುತ್ತದೆ. ವೃತ್ತಿಪರರಿಗೂ ಇದು ಸುಲಭವಲ್ಲ. ಅಮೆರಿಕದ ಪಿಜಿಎ ಟೂರ್ ಆಟಗಾರರು ಎಂಟು ಅಡಿ ದೂರದ ಪಟ್‌ಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟನ್ನು ಮಾತ್ರ ಕುಳಿಗೆ ಸೇರಿಸುತ್ತಾರೆ. ಟಿ.ವಿ.ಯಲ್ಲಿ ಬಿದ್ದ ಪಟ್‌ಗಳನ್ನೇ ಮತ್ತೆ ಮತ್ತೆ ತೋರಿಸುವುದರಿಂದ ಹೊಸಬರು ತಮ್ಮನ್ನು ಅನ್ಯಾಯವಾಗಿ ಹಳಿದುಕೊಳ್ಳುವುದುಂಟು.

ಗ್ರೀನ್ ಓದುವುದು

ನೆಲದ ಇಳಿಜಾರು, ತೇವ ಮತ್ತು ಹುಲ್ಲಿನ ವಾಲಿಕೆಯನ್ನು ಅಂದಾಜಿಸುವುದಕ್ಕೆ ‘ಗ್ರೀನ್ ಓದುವುದು’ ಎನ್ನುತ್ತಾರೆ. ಬೆಚ್ಚನೆಯ ನಾಡುಗಳ ಗ್ರೀನ್‌ಗಳಲ್ಲಿ ಸಾಮಾನ್ಯವಾಗಿರುವ ಬರ್ಮುಡಾ ಹುಲ್ಲು ಬೇರೇನಲ್ಲ, ಗರಿಕೆಯ ಬಳಗದ್ದೇ. ನಾಯಕನಹಟ್ಟಿ, ಚಳ್ಳಕೆರೆಯ ಕಡೆ ಹೊಲದ ಬದುವಿನಲ್ಲಿ ಹಬ್ಬುವ, ರೈತರು ಕಳೆಯೆಂದು ಕಿತ್ತೆಸೆಯುವ, ಗಣಪತಿ ಪೂಜೆಗೆ ಮಾತ್ರ ಹುಡುಕಿ ತರುವ ಆ ಹುಲ್ಲಿನ ತಳಿಗಳನ್ನೇ ಗ್ರೀನ್‌ಗಳಲ್ಲಿ ಕೆಲವೇ ಮಿಲಿಮೀಟರ್ ಎತ್ತರಕ್ಕೆ ಸವರಲಾಗುತ್ತದೆ. ಗರಿಕೆ ನೆಲದ ಮೇಲೆ ಒಂದು ದಿಕ್ಕಿಗೆ ಹಬ್ಬುವ ಜಾತಿ. ಅದು ವಾಲಿದ ದಿಕ್ಕಿಗೆ ಉರುಳುವ ಚೆಂಡು ಬೇಗ ಸಾಗುತ್ತದೆ, ಎದುರು ಉರುಳುವುದು ಬೇಗ ನಿಲ್ಲುತ್ತದೆ. ಹುಲ್ಲು ಹೊಳೆಯುವಂತೆ ಕಂಡರೆ ಅದು ನೋಡುವವರಿಂದ ಆಚೆಗೆ ವಾಲಿದೆಯೆಂದೂ, ಕಡುಬಣ್ಣವಾಗಿ ಕಂಡರೆ ಇತ್ತ ವಾಲಿದೆಯೆಂದೂ ತಿಳಿಯಬಹುದು. ಬೆಳಗಿನ ಇಬ್ಬನಿಯಲ್ಲಿ ಗ್ರೀನ್ ನಿಧಾನವಾಗಿದ್ದು, ಬಿಸಿಲೇರಿದಂತೆ ಚುರುಕಾಗುತ್ತದೆ.

ಗ್ರೀನ್ ವೇಗವನ್ನು ಅಳೆಯುವ ಸ್ಟಿಂಪ್‌ಮೀಟರ್ ಎಂಬ ಸರಳ ಸಾಧನವನ್ನು ಎಡ್ವರ್ಡ್ ಸ್ಟಿಂಪ್ಸನ್ 1935ರಲ್ಲಿ ರೂಪಿಸಿದರು. ಓರೆಯಾಗಿ ಹಿಡಿದ ತೋಡಿನಿಂದ ಜಾರಿದ ಚೆಂಡು ಎಷ್ಟು ಅಡಿ ಉರುಳಿತೆಂಬುದೇ ಅದರ ಅಳತೆ.

ಅಭ್ಯಾಸ

ಹೊಸಬರು ಸಾಮಾನ್ಯವಾಗಿ ದಿಕ್ಕಿನ ಬಗ್ಗೆ ಚಿಂತಿಸುತ್ತಾರೆ. ಆದರೆ ಒಂದೇ ಗ್ರೀನ್‌ನಲ್ಲಿ ಮೂರು ಪಟ್ ಬೇಕಾಗುವುದಕ್ಕೆ ಹೆಚ್ಚಾಗಿ ಕಾರಣ ಮೊದಲ ಪಟ್‌ನ ದೂರ ತಪ್ಪುವುದು. ದೂರದ ಪಟ್‌ನಲ್ಲಿ ಎಡಬಲಕ್ಕೆ ಒಂದು ಅಡಿ ತಪ್ಪಿದರೆ ಎರಡನೆಯದು ಸುಲಭ, ಆದರೆ ಐದು ಅಡಿ ಮೊದಲೇ ನಿಂತರೆ ಕಷ್ಟ. ಆದ್ದರಿಂದ ಕುಳಿಯನ್ನೇ ಬಿಟ್ಟು ಮೂರು, ಆರು, ಒಂಬತ್ತು ಮೀಟರ್‌ಗಳಲ್ಲಿ ಗುರುತಿಟ್ಟು, ಬೀಸಿನ ಉದ್ದವನ್ನು ಬದಲಿಸುತ್ತ ಚೆಂಡನ್ನು ಅಲ್ಲಲ್ಲಿಗೇ ನಿಲ್ಲಿಸುವ ಅಭ್ಯಾಸ ಉಪಯುಕ್ತ. ದಿಕ್ಕಿಗಾಗಿ, ಚೆಂಡಿನ ಮುಂದೆ ಒಂದು ಅಡಿ ದೂರದಲ್ಲಿ ಎರಡು ಟೀ ಕಡ್ಡಿಗಳನ್ನು ಬಾಗಿಲಿನಂತೆ ನೆಟ್ಟು ಅವುಗಳ ನಡುವೆ ಉರುಳಿಸಲಾಗುತ್ತದೆ. ಇದನ್ನು ಮನೆಯ ಚಾಪೆಯ ಮೇಲೂ ಮಾಡಬಹುದು, ಆದರೆ ದೂರದ ಅಂದಾಜನ್ನು ಚಾಪೆ ಕಲಿಸಲಾರದು. ಹೊಡೆಯುವಾಗ ತಲೆ ಅಲುಗಿಸದೆ, ಮಣಿಕಟ್ಟು ಮಡಿಸದೆ, ಭುಜಗಳಿಂದ ಲೋಲಕದಂತೆ ಬೀಸುವುದು ವಾಡಿಕೆ.

ನಿಯಮಗಳು

ಪಟರ್‌ನ ಹಿಡಿಯನ್ನು ಹೊಟ್ಟೆಗೋ ಎದೆಗೋ ಒತ್ತಿಟ್ಟು ಬೀಸುವುದನ್ನು 2016ರಿಂದ ನಿಷೇಧಿಸಲಾಗಿದೆ. 2019ರ ಪರಿಷ್ಕರಣೆಯ ನಂತರ ಧ್ವಜದ ಕೋಲನ್ನು ಕುಳಿಯಲ್ಲೇ ಬಿಟ್ಟು ಪಟ್ ಮಾಡಬಹುದು. ಬೂಟಿನ ಮುಳ್ಳುಗಳಿಂದ ಗ್ರೀನ್ ಮೇಲಾದ ಗಾಯಗಳನ್ನು ಹೊಡೆತಕ್ಕೆ ಮೊದಲೇ ಸರಿಪಡಿಸಿಕೊಳ್ಳಬಹುದು.